ಹೊಸ ರೋಪು, ಹಳೇ ಪುಲ್ಲಿ: ಉಕ್ಕಿನ ಹಗ್ಗ ಬೇಗ ಸಾಯುವುದೇಕೆ?

ಕ್ರೇನು, ವಿಂಚು, ಲಿಫ್ಟು ಇರುವ ಜಾಗಗಳಲ್ಲಿ ಪದೇ ಪದೇ ಕೇಳಿಬರುವ ಒಂದು ಮಾತಿದೆ. ‘ಈ ಕಂಪನಿ ರೋಪು ಚೆನ್ನಾಗಿಲ್ಲ ಸಾರ್. ಹಾಕಿ ನಾಲ್ಕು ತಿಂಗಳಾಗಿಲ್ಲ, ಆಗಲೇ ತಂತಿ ಕಿತ್ತು ಬರ್ತಾ ಇದೆ. ಹಿಂದಿನದು ಎರಡು ವರ್ಷ ಬಂದಿತ್ತು.’ ಮುಂದಿನ ಸಲ ಬೇರೆ ಕಂಪನಿಯ ರೋಪು ತರಿಸುತ್ತಾರೆ. ಅದೂ ಐದು ತಿಂಗಳಿಗೆ ಹೋಗುತ್ತದೆ. ಆಮೇಲೆ ಇನ್ನೂ ದುಬಾರಿಯದ್ದು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಇಲ್ಲಿ ಕೊತ್ತಿ ರೋಪು. ಅತ್ತೆ ಯಾರು ಅಂದ್ರೆ, ರೋಪು ಹಾದುಹೋಗುವ ಪುಲ್ಲಿ ಮತ್ತು ಅದು ಸುತ್ತಿಕೊಳ್ಳುವ ಡ್ರಮ್ಮು.

ಇಂಜಿನಿಯರುಗಳು ಇದನ್ನು ಶೀವ್ ಅನ್ನುತ್ತಾರೆ, ಕೆಲಸದವರು ಪುಲ್ಲಿ ಅನ್ನುತ್ತಾರೆ, ಬಾವಿಯ ಮೇಲಿದ್ದರೆ ನಾವೆಲ್ಲ ರಾಟೆ ಅಂದುಬಿಡುತ್ತೇವೆ. ನಾನು ಪುಲ್ಲಿ ಅಂತಲೇ ಹೇಳ್ತೀನಿ. ಅದರ ಅಂಚಿನಲ್ಲಿ ಸುತ್ತಲೂ ರೋಪು ಕೂರುವುದಕ್ಕೆ ಒಂದು ಕಾಲುವೆ ಕೊರೆದಿರುತ್ತಾರಲ್ಲ, ಅದು ಗ್ರೂವ್. ಇವತ್ತಿನ ಮಾತಿನ ಹೆಚ್ಚು ಪಾಲು ಆ ಗ್ರೂವಿನ ಬಗ್ಗೆಯೇ. ಯಾಕಂದ್ರೆ ರೋಪು ಬದಲಿಸುವಾಗ ಯಾರೂ ಅಳೆಯದೆ ಬಿಡುವ ಭಾಗ ಅದು.

ಮೊದಲು ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಉಕ್ಕಿನ ರೋಪು ಅಂದರೆ ಒಂದು ಕಂಬಿಯಲ್ಲ. ಅದೊಂದು ಯಂತ್ರ. ಕ್ರೇನುಗಳಲ್ಲಿ ಸಾಮಾನ್ಯವಾಗಿ ಕಾಣುವ ಆರು ಎಳೆಯ ರೋಪನ್ನು ತೆಗೆದುಕೊಂಡರೆ, ಒಂದೊಂದು ಎಳೆಯಲ್ಲೂ 19 ಅಥವಾ 36ರ ಆಸುಪಾಸು ತಂತಿಗಳು, ನಡುವೆ ಒಂದು ತಿರುಳು. ರೋಪು ಪುಲ್ಲಿಯ ಮೇಲೆ ಬಾಗುವಾಗ ಹೊರಮೈಯ ತಂತಿಗೆ ದಾರಿ ಉದ್ದವಾಗುತ್ತದೆ, ಒಳಮೈಯ ತಂತಿಗೆ ಗಿಡ್ಡವಾಗುತ್ತದೆ. ಆಗ ಎಳೆಗಳು, ತಂತಿಗಳು ಒಂದರ ಪಕ್ಕ ಒಂದು ಸ್ವಲ್ಪ ಸ್ವಲ್ಪ ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತವೆ. ನೇರವಾದ ಮೇಲೆ ವಾಪಸ್ ಜಾರುತ್ತವೆ. ಇನ್ನೂರು ಬಿಡಿಭಾಗ ಚಲಿಸುವ ಯಂತ್ರ ಇದು, ಎಣ್ಣೆ ಬೇಕು, ಜಾಗ ಬೇಕು. ಆ ಜಾಗ ಕೊಡುವುದು ಅಥವಾ ಕಿತ್ತುಕೊಳ್ಳುವುದು ಪುಲ್ಲಿ.

ಈ ಪಾಠ ಹೊಸದೇನಲ್ಲ. ಉಕ್ಕಿನ ರೋಪಿನ ಜನನವೇ ಗಣಿಯಲ್ಲಿ. ಜರ್ಮನಿಯ ಹಾರ್ಜ್ ಬೆಟ್ಟಗಳಲ್ಲಿ ಕ್ಲಾಸ್ಟಾಲ್ ಅಂತ ಊರಿದೆ. ಅಲ್ಲಿನ ಗಣಿ ಅಧಿಕಾರಿ ವಿಲ್ಹೆಲ್ಮ್ ಆಲ್ಬರ್ಟ್ 1834ರಲ್ಲಿ ತಂತಿಯ ರೋಪನ್ನು ಗಣಿಯ ಬಾವಿಗೆ ಇಳಿಸಿದರು. ಅದಕ್ಕೂ ಮುಂಚೆ ಸೆಣಬಿನ ಹಗ್ಗ ಕೊಳೆಯುತ್ತಿತ್ತು, ಕಬ್ಬಿಣದ ಸರಪಳಿ ಹೇಳದೆ ಕೇಳದೆ ಒಂದು ಕೊಂಡಿಯಲ್ಲಿ ತುಂಡಾಗುತ್ತಿತ್ತು. ತಂತಿ ರೋಪಿನ ದೊಡ್ಡ ಗುಣ ಅಂದರೆ ಅದು ಮುನ್ಸೂಚನೆ ಕೊಡುತ್ತದೆ. ಒಂದೊಂದೇ ತಂತಿ ಮುರಿದು ತೋರಿಸುತ್ತದೆ. ಆಲ್ಬರ್ಟರ ರೋಪಿನಲ್ಲಿ ಮೂರು ಎಳೆ, ಎಳೆಗೆ ನಾಲ್ಕು ತಂತಿ, ಒಂದೊಂದು ತಂತಿ 3.5 ಮಿಲಿಮೀಟರ್ ದಪ್ಪ. ಇವತ್ತಿನ ಸಣ್ಣ ಕ್ರೇನಿನ ಪುಲ್ಲಿಯ ಮೇಲೆ ಅದನ್ನು ಹಾಕಿದ್ದರೆ ಮೊದಲ ಬಾಗಿಗೇ ಮಣಿದು ಹೋಗುತ್ತಿತ್ತು. ಅಷ್ಟು ದಪ್ಪದ ತಂತಿಗೆ ದೊಡ್ಡ ದೊಡ್ಡ ಚಕ್ರಗಳೇ ಬೇಕು.

ನಮ್ಮ ಕೋಲಾರದ ಚಿನ್ನದ ಗಣಿಯ ಹಳೇ ಫೋಟೊಗಳನ್ನು ನೋಡಿದ್ದರೆ, ಬಾವಿಯ ಮೇಲೆ ಎತ್ತರದ ಉಕ್ಕಿನ ಚೌಕಟ್ಟು, ಅದರ ನೆತ್ತಿಯಲ್ಲಿ ಒಂದಾಳಿಗಿಂತ ಎತ್ತರದ ಚಕ್ರಗಳು ಕಾಣುತ್ತವೆ. ಅವು ಅಲಂಕಾರಕ್ಕಲ್ಲ. ಗಣಿಯ ವೈಂಡಿಂಗ್ ಯಂತ್ರಗಳಲ್ಲಿ ಚಕ್ರದ ವ್ಯಾಸ ರೋಪಿನ ವ್ಯಾಸದ 80, 100 ಪಟ್ಟು, ಕೆಲವು ಕಡೆ ಇನ್ನೂ ಹೆಚ್ಚು ಇರುತ್ತದೆ. ರೋಪು 40 ಮಿಲಿಮೀಟರ್ ಇದ್ದರೆ ಚಕ್ರ ನಾಲ್ಕು ಮೀಟರ್. 2001ರ ಫೆಬ್ರುವರಿ 28ರಂದು ಮುಚ್ಚುವ ಹೊತ್ತಿಗೆ ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋಗಿತ್ತು. ಒಂದೇ ಓಟದಲ್ಲಿ ಅಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ, ಹಂತ ಹಂತವಾಗಿ ಇಳಿಯಬೇಕಿತ್ತು. 40 ಮಿಲಿಮೀಟರ್ ರೋಪು ಒಂದು ಕಿಲೋಮೀಟರ್ ತೂಗಿದರೆ ಅದರ ಸ್ವಂತ ಭಾರವೇ ಸುಮಾರು ಆರೂವರೆ ಟನ್. ಕೆಳಗೆ ಪಂಜರದಲ್ಲಿ ಮನುಷ್ಯರು. ಅಂಥ ಕಡೆ ಪುಲ್ಲಿಯಲ್ಲಿ ಜಿಪುಣತನ ಮಾಡುವ ಮಾತೇ ಇಲ್ಲ.

ಈಗ ಗಣಿಯಿಂದ ಮೇಲೆ ಬರೋಣ. ಕಾರ್ಖಾನೆಯ ಓವರ್‌ಹೆಡ್ ಕ್ರೇನುಗಳಲ್ಲಿ ಪುಲ್ಲಿಯ ವ್ಯಾಸ ರೋಪಿನ 20ರಿಂದ 28 ಪಟ್ಟು, ಮೊಬೈಲ್ ಕ್ರೇನುಗಳಲ್ಲಿ ಸುಮಾರು 18 ಪಟ್ಟು, ಜನ ಓಡಾಡುವ ಲಿಫ್ಟಿನಲ್ಲಿ 40 ಪಟ್ಟು. ಈ ಸಂಖ್ಯೆ ಚಿಕ್ಕದಾದಷ್ಟೂ ಯಂತ್ರ ಹಗುರ, ಅಗ್ಗ. ಬೆಲೆಯನ್ನು ರೋಪು ಕಟ್ಟುತ್ತದೆ. ಎಷ್ಟು ಅಂತ ಒಂದು ಒರಟು ಲೆಕ್ಕ ಹಾಕಬಹುದು. ತಂತಿಯ ದಪ್ಪವನ್ನು ಪುಲ್ಲಿಯ ವ್ಯಾಸದಿಂದ ಭಾಗಿಸಿ, ಬಂದದ್ದನ್ನು ಉಕ್ಕಿನ ಸ್ಥಿತಿಸ್ಥಾಪಕ ಗುಣಾಂಕ, ಅಂದರೆ ಸುಮಾರು ಎರಡು ಲಕ್ಷ, ಅದರಿಂದ ಗುಣಿಸಿ. ಬಾಗಿದ್ದರಿಂದಲೇ ತಂತಿಯ ಮೇಲೆ ಬೀಳುವ ಒತ್ತಡ ಚದರ ಮಿಲಿಮೀಟರಿಗೆ ಇಷ್ಟು ನ್ಯೂಟನ್ ಅಂತ ಸಿಗುತ್ತದೆ. 16 ಮಿಲಿಮೀಟರ್ ರೋಪು, 19 ತಂತಿಯ ಎಳೆ, ಹೊರತಂತಿ ಸುಮಾರು 1.28 ಮಿಲಿಮೀಟರ್. ಪುಲ್ಲಿ 320 ಮಿಲಿಮೀಟರ್, ಅಂದರೆ 20 ಪಟ್ಟು. ಒತ್ತಡ 800. ತಂತಿಯ ಒಟ್ಟು ಶಕ್ತಿಯೇ 1,770 ಅಥವಾ 1,960. ಭಾರ ಎತ್ತುವ ಮುಂಚೆಯೇ, ಬರೀ ಬಾಗಿದ್ದಕ್ಕೇ, ಹೆಚ್ಚುಕಡಿಮೆ ಅರ್ಧ ಖರ್ಚು! ಪುಲ್ಲಿಯನ್ನು 480 ಮಾಡಿದರೆ ಅದು 533ಕ್ಕೆ ಇಳಿಯುತ್ತದೆ. ಪುಲ್ಲಿ ಬದಲಿಸಲು ಆಗದಿದ್ದರೆ 36 ತಂತಿಯ ಎಳೆ ಇರುವ ರೋಪು ಹಾಕಿ ನೋಡಿ. ಅದರ ಹೊರತಂತಿ ಸುಮಾರು 0.9, ಅದೇ 320ರ ಪುಲ್ಲಿಯ ಮೇಲೆ ಒತ್ತಡ 562. ಆದರೆ ತೆಳ್ಳಗಿನ ತಂತಿ ಉಜ್ಜಿದರೆ ಬೇಗ ಸವೆಯುತ್ತದೆ, ತುಕ್ಕಿಗೂ ಬೇಗ ಬಲಿಯಾಗುತ್ತದೆ. ಎರಡೂ ಕೈಯಲ್ಲಿ ಲಡ್ಡು ಸಿಗುವುದಿಲ್ಲ.

ಇದು ದಣಿವಿನ ವಿಷಯ. ಒಂದು ಸಲ ಬಾಗಿದರೆ ತಂತಿ ಮುರಿಯಲ್ಲ. ಸಾವಿರ ಸಲ, ಹತ್ತು ಸಾವಿರ ಸಲ ಬಾಗಿ ನೇರವಾಗಿ ಮುರಿಯುತ್ತದೆ. ಹಾಗಾಗಿ ಪುಲ್ಲಿ ಕಾಲು ಭಾಗ ದೊಡ್ಡದಾದರೆ ಬಾಳಿಕೆ ಕಾಲು ಭಾಗ ಮಾತ್ರ ಹೆಚ್ಚುವುದಲ್ಲ, ಅದಕ್ಕಿಂತ ಬಹಳ ಹೆಚ್ಚುತ್ತದೆ. ಒಂದು ಪುಲ್ಲಿಯಲ್ಲಿ ಈ ಕಡೆ ಬಾಗಿ, ಹತ್ತಿರದಲ್ಲೇ ಇನ್ನೊಂದು ಪುಲ್ಲಿಯಲ್ಲಿ ಆ ಕಡೆ ಬಾಗುವ ವ್ಯವಸ್ಥೆ ಇದ್ದರೆ, ತಂತಿಯನ್ನು ಕೈಯಲ್ಲಿ ಹಿಂದೆ ಮುಂದೆ ಬಗ್ಗಿಸಿ ಮುರಿದ ಹಾಗೆ. ಅದನ್ನು ತಪ್ಪಿಸಬಹುದಾದರೆ ತಪ್ಪಿಸಿ.

ಇಷ್ಟು ಹೊತ್ತು ಹೇಳಿದ್ದು ಯಂತ್ರ ಮಾಡಿದವರು ತೀರ್ಮಾನಿಸುವ ವಿಷಯ. ನೀವು ಕೊಂಡ ಕ್ರೇನಿನ ಪುಲ್ಲಿ ಎಷ್ಟಿದೆಯೋ ಅಷ್ಟೇ. ಆದರೆ ಗ್ರೂವ್ ಹಾಗಲ್ಲ. ಅದು ದಿನಾ ಬದಲಾಗುತ್ತದೆ, ಮತ್ತು ಅದು ನಿಮ್ಮ ಕೈಯಲ್ಲಿದೆ.

ಗ್ರೂವ್ ರೋಪಿಗಿಂತ ತುಸು ಅಗಲ ಇರಬೇಕು. ತುಸು ಅಂದ್ರೆ ಎಷ್ಟು? ಅಂತರರಾಷ್ಟ್ರೀಯ ಮಾನಕ ಹೇಳುವುದು: ಗ್ರೂವಿನ ತಳದ ದುಂಡಿನ ವ್ಯಾಸ ರೋಪಿನ ಹೆಸರಿನ ಅಳತೆಗಿಂತ 5ರಿಂದ 10 ಪ್ರತಿಶತ ಹೆಚ್ಚಿರಲಿ, ಏಳೂವರೆ ಪ್ರತಿಶತ ಉತ್ತಮ. 16 ಮಿಲಿಮೀಟರ್ ರೋಪಿಗೆ 16.8ರಿಂದ 17.6, ನಡುವೆ 17.2. ಇಷ್ಟಿದ್ದರೆ ರೋಪಿನ ಕೆಳಗಿನ ಅರ್ಧಕ್ಕೆ ಸ್ವಲ್ಪ ಕಡಿಮೆ ಭಾಗವನ್ನು ಗ್ರೂವ್ ಅಂಗೈಯಲ್ಲಿ ಹಿಡಿದ ಹಾಗೆ ಹಿಡಿದುಕೊಳ್ಳುತ್ತದೆ. ಎಳೆಗಳಿಗೆ ಜಾರಲು ಜಾಗವೂ ಇರುತ್ತದೆ.

ಗ್ರೂವ್ ಬಹಳ ಅಗಲವಾದರೆ? ರೋಪು ಚಪ್ಪಟೆ ನೆಲದ ಮೇಲೆ ಮಲಗಿದ ಹಾಗೆ. ಕೆಳಗೆ ಒಂದು ಗೆರೆಯಷ್ಟೇ ಆಸರೆ. ರೋಪು ಚಪ್ಪಟೆಯಾಗುತ್ತದೆ, ಹೊರಗಡೆ ಉಬ್ಬಿದ ಜಾಗದ ತಂತಿಗಳು ಮುರಿಯುತ್ತವೆ. ಕೆಟ್ಟದ್ದೇ, ಆದರೆ ಕಣ್ಣಿಗೆ ಕಾಣುವ ಕೆಟ್ಟದ್ದು.

ಗ್ರೂವ್ ಬಿಗಿಯಾದರೆ ಅದು ಬೇರೆ ಕಥೆ. ಇಕ್ಕುಳದಲ್ಲಿ ಹಿಡಿದ ಹಾಗೆ ಎರಡೂ ಪಕ್ಕದಿಂದ ಒತ್ತುತ್ತದೆ. ಎಳೆಗಳು ಒಂದರ ಮೇಲೊಂದು ಬಿದ್ದು, ಒಂದು ಎಳೆಯ ತಂತಿ ಪಕ್ಕದ ಎಳೆಯ ತಂತಿಗೆ ಕಚ್ಚಿಕೊಳ್ಳುತ್ತದೆ. ತಿರುಳು ನುಜ್ಜುಗುಜ್ಜಾಗುತ್ತದೆ. ತಂತಿ ಮುರಿಯುವುದು ಹೊರಗಲ್ಲ, ಎರಡು ಎಳೆಗಳ ನಡುವಿನ ಕಣಿವೆಯಲ್ಲಿ, ಒಳಗಡೆ. ಮೇಲಿಂದ ನೋಡಿದರೆ ರೋಪು ಗ್ರೀಸು ಹಚ್ಚಿಕೊಂಡು ಹೊಸದರ ಹಾಗೆ ಮಿನುಗುತ್ತಿರುತ್ತದೆ. ಆಲ್ಬರ್ಟರ ಕಾಲದಿಂದ ತಂತಿ ರೋಪನ್ನು ನಾವು ನಂಬಿರುವುದೇ ಅದು ಮುನ್ಸೂಚನೆ ಕೊಡುತ್ತದೆ ಅಂತ. ಬಿಗಿಯಾದ ಗ್ರೂವ್ ಆ ಮುನ್ಸೂಚನೆಯನ್ನೇ ಮುಚ್ಚಿಡುತ್ತದೆ. ಭಾರದ ಕೆಳಗೆ, ಪಕ್ಕದಲ್ಲಿ ನಿಂತು ಕೈಸನ್ನೆ ಮಾಡುವ ಹುಡುಗನಿಗೆ ಇದು ಗೊತ್ತಿರುವುದಿಲ್ಲ. ಕಣಿವೆಯಲ್ಲಿ ಒಂದು ಸುತ್ತಿನ ಉದ್ದದೊಳಗೆ, 16 ಮಿಲಿಮೀಟರ್ ರೋಪಿನಲ್ಲಿ ಸುಮಾರು ಹತ್ತು ಸೆಂಟಿಮೀಟರ್, ಅಷ್ಟರೊಳಗೆ ಎರಡು ಮುರಿದ ತಂತಿ ಕಂಡರೆ ರೋಪು ತೆಗೆಯಿರಿ ಅಂತ ಮಾನಕ ಹೇಳುವುದು ಅದಕ್ಕೇ. ಎರಡು ಅಂದರೆ ಎಷ್ಟು ಕಡಿಮೆ ಅನಿಸಬಹುದು. ಕಂಡದ್ದು ಎರಡು, ಕಾಣದ್ದು ಒಳಗಿದೆ.

ಈಗ ನಾಲ್ಕು ತಿಂಗಳ ಕಥೆಗೆ ಬರೋಣ. ಹಿಂದಿನ ರೋಪು ಎರಡು ವರ್ಷ ಬಂದಿತ್ತು, ಹೊಸದು ಯಾಕೆ ಬರಲಿಲ್ಲ? ಎರಡು ವರ್ಷದಲ್ಲಿ ಹಳೇ ರೋಪು ಸವೆದು ತೆಳ್ಳಗಾಗಿದೆ, 16 ಇದ್ದದ್ದು 15.2 ಆಗಿದೆ ಅಂತಿಟ್ಟುಕೊಳ್ಳಿ. ಸವೆಯುತ್ತಾ ಸವೆಯುತ್ತಾ ಅದು ಗ್ರೂವಿನ ತಳವನ್ನು ತನ್ನ ಅಳತೆಗೇ ಕೊರೆದುಕೊಂಡಿದೆ. ಇನ್ನೊಂದು ಕಡೆ, ಹೊಸ ರೋಪು ಸರಿಯಾಗಿ 16 ಇರುವುದಿಲ್ಲ. 5 ಪ್ರತಿಶತದವರೆಗೆ ದಪ್ಪ ಇರಲು ಅವಕಾಶ ಇದೆ, ಸಾಮಾನ್ಯವಾಗಿ 16.4, 16.6 ಹೀಗೆ ಬರುತ್ತದೆ. ಹದಿನೈದು ಚಿಲ್ಲರೆಗೆ ಕೊರೆದ ಜಾಗದಲ್ಲಿ ಹದಿನಾರೂವರೆ ಕೂರಿಸಿದರೆ ಏನಾಗಬೇಕೋ ಅದೇ ಆಗುತ್ತದೆ. ಹಳೇ ರೋಪು ತನ್ನ ಪುಲ್ಲಿಯ ಜೊತೆ ಮುದುಕಾಯಿತು, ಹೊಸದಕ್ಕೆ ಆ ಮುದುಕ ಪುಲ್ಲಿಯನ್ನು ಕಟ್ಟಿದೆವು. ಕಂಪನಿಯನ್ನು ಬಯ್ದು ಪ್ರಯೋಜನ ಇಲ್ಲ.

ಇದಕ್ಕೆ ಇನ್ನೊಂದು ಅಣ್ಣ ಇದ್ದಾನೆ. ಪುಲ್ಲಿ ಮೆತ್ತಗಿನ ಬೀಡು ಕಬ್ಬಿಣದ್ದಾಗಿದ್ದರೆ, ಅಥವಾ ಭಾರ ಹೆಚ್ಚಾಗಿದ್ದರೆ, ಗ್ರೂವಿನ ತಳದಲ್ಲಿ ರೋಪಿನ ಎಳೆಗಳ ಅಚ್ಚು ಬಿದ್ದಿರುತ್ತದೆ. ಬೆರಳಿಟ್ಟು ನೋಡಿದರೆ ಅಲೆ ಅಲೆಯಾಗಿ ಸಿಗುತ್ತದೆ. ರೋಪಿನ ತಂತಿ ಪುಲ್ಲಿಗಿಂತ ಗಡುಸು, ಹಾಗಾಗಿ ಅಚ್ಚು ಪುಲ್ಲಿಯ ಮೇಲೇ ಬೀಳುವುದು. ಅದೇ ರೋಪು ಇರುವತನಕ ಅಷ್ಟು ತೊಂದರೆ ಕಾಣುವುದಿಲ್ಲ. ಹೊಸ ರೋಪಿನ ಎಳೆಗಳ ಅಂತರ ಆ ಅಚ್ಚಿಗೆ ಹೊಂದುವುದಿಲ್ಲ. ಆಗ ಗ್ರೂವ್ ಅರದ ಕೆಲಸ ಮಾಡುತ್ತದೆ. ಬೇರಿಂಗ್ ಹಿಡಿದು ತಿರುಗದೆ ನಿಂತ ಪುಲ್ಲಿಯೂ ಅಷ್ಟೇ, ಅದರ ಮೇಲೆ ರೋಪು ಉರುಳುವುದಿಲ್ಲ, ಉಜ್ಜುತ್ತದೆ. ಭಾರ ಇಳಿಸಿ ಕೈಯಲ್ಲಿ ತಿರುಗಿಸಿದರೆ ಪುಲ್ಲಿ ಸಲೀಸಾಗಿ ತಿರುಗಬೇಕು, ಪಕ್ಕಕ್ಕೆ ಓಲಾಡಬಾರದು.

ಅಳೆಯುವುದು ಹೇಗೆ? ಗ್ರೂವ್ ಗೇಜ್ ಅಂತ ಸಿಗುತ್ತದೆ, ಬೀಸಣಿಗೆ ಹಾಗೆ ಬಿಚ್ಚುವ ತಗಡುಗಳು. ಇಲ್ಲದಿದ್ದರೆ ಹತ್ತಿರದ ಲೇತ್ ಅಂಗಡಿಯಲ್ಲಿ ತೆಳು ಉಕ್ಕಿನ ಎರಡು ಬಿಲ್ಲೆ ತಿರುವಿಸಿಕೊಳ್ಳಿ. 16 ಮಿಲಿಮೀಟರ್ ರೋಪು ಬಳಸುವವರಿಗೆ ಒಂದು 16.4, ಇನ್ನೊಂದು 17.2. ಗ್ರೂವನ್ನು ಒರೆಸಿ, ಬಿಲ್ಲೆಯನ್ನು ಅಡ್ಡಲಾಗಿ ಇಟ್ಟು ಹಿಂದಿನಿಂದ ಟಾರ್ಚ್ ಹಿಡಿಯಿರಿ. 16.4ರ ಬಿಲ್ಲೆ ತಳ ಮುಟ್ಟದೆ ಪಕ್ಕಗಳಲ್ಲಿ ಸಿಕ್ಕಿಕೊಂಡು ಕೆಳಗೆ ಬೆಳಕು ಕಂಡರೆ, ಆ ಪುಲ್ಲಿಗೆ ಹೊಸ ರೋಪು ಹಾಕಬೇಡಿ. ಲೇತಿನಲ್ಲಿ ಗ್ರೂವನ್ನು 17.2ಕ್ಕೆ ಮತ್ತೆ ಕೊರೆಸಿ, ಇಲ್ಲ ಪುಲ್ಲಿ ಬದಲಿಸಿ. ಕೊರೆಸುವಾಗ ಅಂಚಿನ ಕೆಳಗೆ ಸಾಕಷ್ಟು ದಪ್ಪ ಉಳಿಯುತ್ತದಾ ಅಂತ ತಯಾರಕರ ಮಿತಿ ನೋಡಿಕೊಳ್ಳಿ. ಬೀಡು ಕಬ್ಬಿಣದ ಪುಲ್ಲಿಗೆ ವೆಲ್ಡಿಂಗ್ ತುಂಬಿಸುವ ಸಾಹಸ ಬೇಡ. ಇನ್ನೊಂದು ಮಾತು, ಈ ಅಳತೆ ಎಲ್ಲ ಭಾರ ಕೆಳಗಿಟ್ಟು, ಕರೆಂಟ್ ತೆಗೆದು, ಬೀಗ ಹಾಕಿದ ಮೇಲೆ.

ರೋಪನ್ನೂ ಅಳೆಯಬೇಕು. ವರ್ನಿಯರ್ ಹಿಡಿಯುವಾಗ ಎದುರೆದುರು ಎಳೆಗಳ ನೆತ್ತಿಯಿಂದ ನೆತ್ತಿಗೆ ಹಿಡಿಯಿರಿ, ಕಣಿವೆಯಲ್ಲಿ ಹಿಡಿದರೆ ಕಡಿಮೆ ತೋರಿಸುತ್ತದೆ. ಒಂದು ಮೀಟರ್ ಬಿಟ್ಟು ಎರಡು ಜಾಗದಲ್ಲಿ, ಒಂದೊಂದು ಜಾಗದಲ್ಲೂ ಅಡ್ಡ ಉದ್ದ ಎರಡು ಸಲ.

ಇದಕ್ಕೆ ಸೇರಿಸಿ ಒಂದು ಅಪಾಯದ ಜಾಣತನದ ಬಗ್ಗೆ ಹೇಳಲೇಬೇಕು. ಗ್ರಾನೈಟ್ ಕ್ವಾರಿಯನ್ನು ನೆನಪಿಸಿಕೊಳ್ಳಿ. ಮೂರು ಮೀಟರ್ ಉದ್ದ, ಒಂದೂವರೆ ಅಗಲ, ಒಂದೂವರೆ ಎತ್ತರದ ಕಲ್ಲಿನ ದಿಂಡು ಹದಿನೆಂಟು ಟನ್ ತೂಗುತ್ತದೆ. ಡೆರಿಕ್ ಕ್ರೇನಿನ ರೋಪು ಪದೇ ಪದೇ ಹೋಗುತ್ತಿದ್ದರೆ ಯಾರಾದರೂ ‘16 ಸಾಕಾಗ್ತಿಲ್ಲ, 18 ಹಾಕಿಬಿಡೋಣ, ಗಟ್ಟಿ ಇರುತ್ತೆ’ ಅಂತಾರೆ. ಕೇಳಲು ಸರಿಯಾಗಿಯೇ ಇದೆ. ಹಾಕಿ ನೋಡಿದರೆ ಮೂರು ಕಡೆಯಿಂದ ಪೆಟ್ಟು. 320ರ ಪುಲ್ಲಿ 20 ಪಟ್ಟು ಇದ್ದದ್ದು 17.8 ಪಟ್ಟಿಗೆ ಇಳಿಯಿತು. 17.2ರ ಗ್ರೂವಿಗೆ, ಅದೂ ಸವೆಯದ ಹೊಸ ಗ್ರೂವಿಗೆ, 18.5ರ ರೋಪು ತುರುಕಿದ ಹಾಗಾಯಿತು. ಡ್ರಮ್ಮಿನ ಮೇಲೆ 16ಕ್ಕೆಂದು ಕೊರೆದ ಸಾಲುಗಳ ನಡುವಿನ ಅಂತರ 18ರ ಆಸುಪಾಸು, ಅಲ್ಲಿ ಪಕ್ಕಪಕ್ಕದ ಸುತ್ತುಗಳು ಒಂದನ್ನೊಂದು ಸವೆಸಿಕೊಳ್ಳುತ್ತವೆ. ಕಾಗದದ ಮೇಲೆ ಕಾಲು ಭಾಗ ಹೆಚ್ಚು ಶಕ್ತಿಯ ರೋಪು, ಕ್ರೇನಿನ ಮೇಲೆ ಅದಕ್ಕಿಂತ ಬೇಗ ಸಾಯುವ ರೋಪು. ಹೆಚ್ಚು ಶಕ್ತಿ ಬೇಕಿದ್ದರೆ ಅದೇ 16ರಲ್ಲಿ ಹೆಚ್ಚು ದರ್ಜೆಯ ತಂತಿ, ಉಕ್ಕಿನ ತಿರುಳು, ಹೀಗೆ ದಾರಿಗಳಿವೆ. ಕ್ರೇನ್ ತಯಾರಕರನ್ನು ಕೇಳಿ. ಮತ್ತು ರೋಪು ಗಟ್ಟಿಯಾಯಿತು ಅಂತ ಕ್ರೇನಿನ ಸಾಮರ್ಥ್ಯ ಹೆಚ್ಚುವುದಿಲ್ಲ, ಅದನ್ನು ಮರೆಯಬೇಡಿ.

ಡ್ರಮ್ಮಿನ ವಿಷಯ. ಪುಲ್ಲಿಯಿಂದ ಬಂದ ರೋಪು ಡ್ರಮ್ಮಿನ ನಡುವಿಗೆ ನೇರವಾಗಿ ಬರುತ್ತದೆ, ಅಂಚಿಗೆ ಹೋದಂತೆ ಓರೆಯಾಗುತ್ತದೆ. ಈ ಓರೆಯನ್ನು ಫ್ಲೀಟ್ ಆ್ಯಂಗಲ್ ಅನ್ನುತ್ತಾರೆ. ನುಣುಪು ಡ್ರಮ್ಮಿನಲ್ಲಿ ಒಂದೂವರೆ ಡಿಗ್ರಿ, ಗ್ರೂವ್ ಇರುವ ಡ್ರಮ್ಮಿನಲ್ಲಿ ಎರಡು ಡಿಗ್ರಿ ಮೀರದಿದ್ದರೆ ಒಳ್ಳೆಯದು. ಕೋನಮಾಪಕ ಬೇಕಿಲ್ಲ. ಡ್ರಮ್ಮಿನ ಅಗಲದ ಅರ್ಧವನ್ನು ಒಂದೂವರೆ ಡಿಗ್ರಿಗಾದರೆ 38ರಿಂದ, ಎರಡು ಡಿಗ್ರಿಗಾದರೆ 29ರಿಂದ ಗುಣಿಸಿ. ಮೊದಲ ಪುಲ್ಲಿ ಕನಿಷ್ಠ ಅಷ್ಟು ದೂರ ಇರಬೇಕು. ಡ್ರಮ್ಮು ಒಂದು ಮೀಟರ್ ಅಗಲ ಇದ್ದರೆ 19 ಮೀಟರ್, ಇಲ್ಲ 14.5 ಮೀಟರ್.

ಮೀನುಗಾರಿಕೆ ಬೋಟಿನ ಮೇಲೆ ಇಷ್ಟು ದೂರ ಎಲ್ಲಿಂದ ತರೋದು? ಟ್ರಾಲ್ ಬೋಟಿನ ವಿಂಚಿನ ಡ್ರಮ್ಮು 60 ಸೆಂಟಿಮೀಟರ್ ಅಗಲ, ಮೊದಲ ಪುಲ್ಲಿ ಮೂರು ಮೀಟರ್ ದೂರ ಅಂತ ಲೆಕ್ಕ ಹಾಕಿದರೆ ಓರೆ ಐದೂವರೆ ಡಿಗ್ರಿ ದಾಟುತ್ತದೆ. ರೋಪು ಪುಲ್ಲಿಯ ಪಕ್ಕದ ಗೋಡೆಯನ್ನು ಉಜ್ಜಿಕೊಂಡೇ ಒಳಗೆ ಬರುತ್ತದೆ, ಹುರಿ ಸ್ವಲ್ಪ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಅಲ್ಲಿ ರೋಪನ್ನು ಸಾಲಾಗಿ ಹಾಸುವ ಗೈಡ್ ಬೇಕು, ಅಥವಾ ಓರೆಗೆ ತಕ್ಕಂತೆ ತಿರುಗಿಕೊಳ್ಳುವ ಪುಲ್ಲಿ ಬೇಕು. ಉಪ್ಪುನೀರಿನ ಕಾಟ ಬೇರೆ. ಅಲ್ಲಿ ಸತು ಲೇಪಿಸಿದ ತಂತಿಯ ರೋಪನ್ನೇ ಕೇಳಿ.

ಡ್ರಮ್ಮಿಗೂ ರೋಪಿನ ಹುರಿಗೂ ದಿಕ್ಕಿನ ಸಂಬಂಧ ಇದೆ. ಇದು ಕೈಯಲ್ಲೇ ನೋಡುವ ಲೆಕ್ಕ, ಕೇಳ್ತಾ ಇರುವವರು ಈಗಲೇ ಮಾಡಿ. ಡ್ರಮ್ಮಿನ ಹಿಂದೆ ನಿಂತು, ರೋಪು ಹೋಗುವ ದಿಕ್ಕಿಗೆ ಮುಖ ಮಾಡಿ. ರೋಪು ನೆಟ್ಟಗೆ ಹಿಡಿದಾಗ ಎಳೆಗಳು ಕೆಳಗಿನ ಎಡದಿಂದ ಮೇಲಿನ ಬಲಕ್ಕೆ ಏರಿದರೆ ಅದು ಬಲ ಹುರಿ, ಬಲಗೈ ಬಳಸಿ. ಎಡಕ್ಕೆ ಏರಿದರೆ ಎಡಗೈ. ಮುಷ್ಟಿ ಕಟ್ಟಿ, ಅದು ಡ್ರಮ್ಮು. ತೋರುಬೆರಳು ಚಾಚಿ, ಅದು ಹೊರಟ ರೋಪು. ರೋಪು ಡ್ರಮ್ಮಿನ ಮೇಲ್ಭಾಗದಿಂದ ಹೊರಡುತ್ತಿದ್ದರೆ ಅಂಗೈ ಕೆಳಗೆ, ಕೆಳಭಾಗದಿಂದಾದರೆ ಅಂಗೈ ಮೇಲೆ. ಹೆಬ್ಬೆರಳು ಯಾವ ಕಡೆ ತೋರಿಸುತ್ತದೋ, ರೋಪಿನ ತುದಿಯನ್ನು ಡ್ರಮ್ಮಿನ ಆ ಅಂಚಿಗೆ ಕಟ್ಟಬೇಕು. ನುಣುಪು ಡ್ರಮ್ಮಿನಲ್ಲಿ ಇದು ತಪ್ಪಿದರೆ ಸುತ್ತುಗಳು ಒಂದಕ್ಕೊಂದು ಅಂಟಿ ಕೂರುವ ಬದಲು ದೂರ ಸರಿಯುತ್ತವೆ. ಮೇಲಿನ ಪದರ ಆ ಸಂದಿಯಲ್ಲಿ ಇಳಿದು ಸಿಕ್ಕಿಕೊಳ್ಳುತ್ತದೆ.

ಹಲವು ಪದರ ಸುತ್ತುವ ಡ್ರಮ್ಮಿನಲ್ಲಿ ಮೊದಲ ಪದರವೇ ಅಡಿಪಾಯ. ಕೆಲಸದ ಭಾರದ ಹತ್ತನೇ ಒಂದು ಪಾಲಿನಷ್ಟಾದರೂ ಬಿಗಿ ಕೊಟ್ಟು ಸುತ್ತಿ. ಸಡಿಲವಾಗಿ ಸುತ್ತಿದರೆ ಭಾರ ಬಂದಾಗ ಮೇಲಿನ ಸುತ್ತು ಚಾಕುವಿನ ಹಾಗೆ ಕೆಳಗಿನ ಪದರದೊಳಗೆ ಇಳಿಯುತ್ತದೆ. ಭಾರ ಪೂರ್ತಿ ಕೆಳಗೆ ಇಳಿದಾಗಲೂ ಡ್ರಮ್ಮಿನ ಮೇಲೆ ಎರಡು ಸುತ್ತು ಉಳಿದಿರಲೇಬೇಕು, ಮೂರಿದ್ದರೆ ಇನ್ನೂ ನೆಮ್ಮದಿ. ಒಂದು ಪದರದಿಂದ ಮೇಲಿನ ಪದರಕ್ಕೆ ಹತ್ತುವ ಜಾಗ, ಒಂದು ಸುತ್ತಿನಿಂದ ಪಕ್ಕದ ಸುತ್ತಿಗೆ ದಾಟುವ ಜಾಗ, ಇವೆರಡರಲ್ಲಿ ರೋಪು ಹೆಚ್ಚು ಜಜ್ಜಿಹೋಗುತ್ತದೆ. ಅದಕ್ಕೊಂದು ಅಗ್ಗದ ಉಪಾಯ ಇದೆ. ತೈಲ ಬಾವಿ ಕೊರೆಯುವವರು ಬಹಳ ಕಾಲದಿಂದ ಮಾಡುತ್ತಿರುವುದು. ಬೇಕಾದ್ದಕ್ಕಿಂತ ಕೆಲವು ಮೀಟರ್ ಹೆಚ್ಚು ರೋಪು ಕೊಂಡು, ಆಗಾಗ ಡ್ರಮ್ಮಿನ ತುದಿಯಲ್ಲಿ ಒಂದು ತುಂಡು ಕತ್ತರಿಸಿ ಮತ್ತೆ ಕಟ್ಟುವುದು. ಜಜ್ಜುವ ಜಾಗಕ್ಕೆ ಪ್ರತಿಸಲ ರೋಪಿನ ಬೇರೆ ಭಾಗ ಬರುತ್ತದೆ, ಪೆಟ್ಟು ಹಂಚಿಹೋಗುತ್ತದೆ.

ಹೊಸ ರೋಪು ಹಾಕುವಾಗ ರೀಲನ್ನು ನೆಲದ ಮೇಲೆ ಮಲಗಿಸಿ ಸುರುಳಿ ಸುರುಳಿಯಾಗಿ ಎಳೆಯಬೇಡಿ. ಒಂದು ಕುಣಿಕೆ ಬಿಗಿದು ಗಂಟಾದರೆ ಆ ಜಾಗ ಮತ್ತೆ ಸರಿಹೋಗುವುದಿಲ್ಲ. ರೀಲನ್ನು ಅಚ್ಚಿನ ಮೇಲೆ ತಿರುಗಿಸುತ್ತಾ, ರೀಲಿನ ಮೇಲಿಂದ ಬಂದದ್ದು ಡ್ರಮ್ಮಿನ ಮೇಲಕ್ಕೆ, ಕೆಳಗಿಂದ ಬಂದದ್ದು ಕೆಳಕ್ಕೆ. ಆಮೇಲೆ ಸಣ್ಣ ಭಾರದಲ್ಲಿ ಕೆಲವು ಸಲ ಏರಿಸಿ ಇಳಿಸಿ. ಗ್ರೀಸಿನ ಬಗ್ಗೆ ಒಂದೇ ಮಾತು. ಕಲ್ಲಿನ ದೂಳಿರುವ ಕಡೆ ಮೇಲೆ ಮೆತ್ತುವ ಗಟ್ಟಿ ಗ್ರೀಸು ಸಾಣೆ ಹಿಡಿಯುವ ಪೇಸ್ಟ್ ಆಗುತ್ತದೆ. ಒಳಗೆ ಇಳಿಯುವ ತೆಳು ಎಣ್ಣೆ ಬೇಕು, ಅದೂ ರೋಪನ್ನು ಉಜ್ಜಿ ಒರೆಸಿದ ಮೇಲೆ.

ಅಪಾರ್ಟ್‌ಮೆಂಟಿನಲ್ಲಿ ಕೂತು ಇದನ್ನು ಕೇಳುತ್ತಿರುವವರಿಗೆ ಒಂದು ಎಚ್ಚರಿಕೆ. ಗ್ರೂವ್ ಸಡಿಲ ಇರಬೇಕು ಅಂತ ನಾನು ಹೇಳಿದ ಲೆಕ್ಕವನ್ನು ಲಿಫ್ಟಿನ ಮುಖ್ಯ ಪುಲ್ಲಿಗೆ ಹಾಕಬೇಡಿ. ಅಲ್ಲಿ ರೋಪು ಡ್ರಮ್ಮಿಗೆ ಸುತ್ತಿಕೊಳ್ಳುವುದಿಲ್ಲ, ಪುಲ್ಲಿಯ ಹಿಡಿತದಿಂದಲೇ ಲಿಫ್ಟು ಏರುತ್ತದೆ. ಹಾಗಾಗಿ ಗ್ರೂವ್ ಬೇಕೆಂದೇ ವಿ ಆಕಾರದಲ್ಲಿ, ಅಥವಾ ತಳದಲ್ಲಿ ಸೀಳಿಟ್ಟು ಮಾಡಿರುತ್ತಾರೆ. ಹಿಡಿತಕ್ಕಾಗಿ ರೋಪಿನ ಬಾಳಿಕೆಯನ್ನು ಸ್ವಲ್ಪ ಬಿಟ್ಟುಕೊಟ್ಟ ವ್ಯವಸ್ಥೆ ಅದು, ಅದಕ್ಕೇ ಪುಲ್ಲಿ 40 ಪಟ್ಟು ದೊಡ್ಡದು. ಅಲ್ಲಿ ನೋಡಬೇಕಾದ್ದು ಬೇರೆ: ನಾಲ್ಕೈದು ರೋಪುಗಳ ಬಿಗಿ ಒಂದೇ ಸಮ ಇದೆಯಾ, ಯಾವುದಾದರೂ ಒಂದು ಗ್ರೂವಿನಲ್ಲಿ ರೋಪು ಮಿಕ್ಕವಕ್ಕಿಂತ ಆಳಕ್ಕೆ ಇಳಿದಿದೆಯಾ. ಇಳಿದಿದ್ದರೆ ಆ ರೋಪು ಬೇರೆ ವೇಗದಲ್ಲಿ ಹೋಗಬೇಕಾಗುತ್ತದೆ, ಆಗಲ್ಲ, ಜಾರುತ್ತದೆ, ಇನ್ನೂ ಕೊರೆಯುತ್ತದೆ. ಒಂದೇ ರೋಪು ಬದಲಿಸಿ ದುಡ್ಡು ಉಳಿಸುತ್ತೇವೆ ಅಂತ ಸಂಘದವರು ಕೇಳಿದರೆ ಒಪ್ಪಬೇಡಿ. ಬದಲಿಸುವುದಾದರೆ ಪೂರ್ತಿ ಸೆಟ್ಟು, ಜೊತೆಗೆ ಪುಲ್ಲಿಯ ತಪಾಸಣೆ.

ಕಾನೂನಿನ ಕಡೆ ನೋಡಿದರೆ, 1948ರ ಕಾರ್ಖಾನೆ ಕಾಯ್ದೆಯ 29ನೇ ಸೆಕ್ಷನ್ ಎತ್ತುವ ಯಂತ್ರ, ಸರಪಳಿ, ರೋಪುಗಳನ್ನು ಹನ್ನೆರಡು ತಿಂಗಳಿಗೊಮ್ಮೆಯಾದರೂ ಅರ್ಹ ವ್ಯಕ್ತಿ ಪರೀಕ್ಷಿಸಬೇಕು ಅನ್ನುತ್ತಿತ್ತು. ಪ್ರಮಾಣಪತ್ರ ಗೋಡೆಗೆ ಅಂಟಿಸಿರುತ್ತಾರೆ. ನನ್ನ ತಕರಾರು ಇಷ್ಟೇ: ಎಷ್ಟೋ ಕಡೆ ಆ ಪತ್ರದಲ್ಲಿ ರೋಪಿನ ವ್ಯಾಸ ಇರುತ್ತದೆ, ಗ್ರೂವಿನ ಅಳತೆ ಇರುವುದಿಲ್ಲ. ಪರೀಕ್ಷೆಗೆ ಬಂದವರನ್ನು ಕೇಳಿ, ‘ಗೇಜ್ ತಂದಿದ್ದೀರಾ? ಪುಲ್ಲಿ ಮೇಲೆ ಹತ್ತುತ್ತೀರಾ?’ ಅಂತ. ಬೂಮಿನ ತುದಿಯ ಪುಲ್ಲಿಗೆ ಹತ್ತುವುದು ಕಷ್ಟ ಅಂತಲೇ ಅದನ್ನು ಬಿಡುವುದು. ಕ್ರೇನಿಗೆ ರೋಪು ಬದಲಿಸಲು ಬೂಮು ಇಳಿಸುವ ದಿನವೇ ಆ ಕೆಲಸಕ್ಕೆ ಸರಿಯಾದ ದಿನ.

ಕ್ರೇನ್ ಇಟ್ಟುಕೊಂಡವರು ಒಂದು ನೋಟ್‌ಬುಕ್ ಇಡಿ. ರೋಪು ಹಾಕಿದ ದಿನಾಂಕ, ಹೊಸದರಲ್ಲಿ ಅಳೆದ ವ್ಯಾಸ, ಎಷ್ಟು ತಂತಿಯ ಎಳೆ, ಯಾವ ಕಡೆಯ ಹುರಿ, ಒಂದೊಂದು ಪುಲ್ಲಿಯ ಗ್ರೂವ್ ಎಷ್ಟು. ತೆಗೆದ ದಿನ, ಮುರಿದ ತಂತಿ ಎಲ್ಲಿ ಕಂಡಿತು ಅಂತಲೂ ಬರೆಯಿರಿ, ಎಳೆಯ ನೆತ್ತಿಯಲ್ಲೋ ಕಣಿವೆಯಲ್ಲೋ, ರೋಪಿನ ಉದ್ದದಲ್ಲಿ ಯಾವ ಜಾಗದಲ್ಲೋ. ಹುಡುಕುವಾಗ ಬರಿಗೈಯಲ್ಲಿ ಸವರಬೇಡಿ, ಒಂದು ಬಟ್ಟೆ ಹಿಡಿಯಿರಿ, ಮುರಿದ ತಂತಿ ಇದ್ದ ಕಡೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ರೋಪು ನಿಂತಿರುವಾಗ ಮಾತ್ರ. ತೆಗೆದ ರೋಪನ್ನು ಗುಜರಿಗೆ ಹಾಕುವ ಮುಂಚೆ ಪುಲ್ಲಿಯ ಮೇಲೆ ಓಡಾಡಿದ ಭಾಗದಿಂದ ಒಂದು ಮೀಟರ್ ಕತ್ತರಿಸಿ, ಹುರಿ ಬಿಚ್ಚಿ ಒಳಗೆ ನೋಡಿ. ಮುಂದಿನ ರೋಪಿನ ಆರ್ಡರ್ ಅದಾದ ಮೇಲೆ ಬರೆಯಿರಿ.